ಕಟಕ್ ಅಲ್ಲ, ಗುಡುಕ್

ಸುಂಟಿಕೊಪ್ಪ ದಾಟುವಾಗ ಮೊದಲ ಸಲ ಕೇಳಿಸಿತು. ಜನವರಿ ತಿಂಗಳು, ಬೆಳಿಗ್ಗೆ ಏಳು ಗಂಟೆ ಇರಬೇಕು. ಅವ್ವನ ಬೆನ್ನಿನ ತಪಾಸಣೆಗೆಂದು ಮೂವರೂ ಮೈಸೂರಿಗೆ ಹೊರಟಿದ್ದೆವು. ರಸ್ತೆಯ ಅಂಚಿನ ಒಂದು ಸಣ್ಣ ಗುಂಡಿಗೆ ಎಡಗಡೆಯ ಚಕ್ರ ಇಳಿದು ಹತ್ತಿತು. ನನ್ನ ಕಾಲಿನ ಮುಂದೆ, ಗಾಡಿಯ ತಗಡಿನ ಆಚೆ, ಕಟಕ್ ಅಂತ ಒಂದು ಸದ್ದು.

"ಅಪ್ಪಾ, ಮುಂದಿನ ಚಕ್ರದಲ್ಲಿ ಏನೋ ಸದ್ದು."

"ಎಂಥದೂ ಇಲ್ಲೆ" ಅಂದರು ಅಪ್ಪ. ಸ್ವಲ್ಪ ಹೊತ್ತಿನ ಮೇಲೆ, "ಸದ್ದು ಇರುವುದು ಹಿಂದೆ. ಗುಡುಕ್ ಅಂತ. ಒಂದು ತಿಂಗಳಾಯ್ತು" ಅಂದರು.

ಹಿಂದಿನ ಸೀಟಿನಲ್ಲಿ ಸೊಂಟಕ್ಕೆ ದಿಂಬು ಕೊಟ್ಟು ಕೂತಿದ್ದ ಅವ್ವ ಕಣ್ಣು ಮುಚ್ಚಿಕೊಂಡೇ ಹೇಳಿದರು: "ಸದ್ದು ನಂಗೆ ಗೊತ್ತಿಲ್ಲ. ಎಡಗಡೆಯಿಂದ ಯಾರೋ ಒದ್ದ ಹಾಗೆ ಆಗ್ತದೆ."

ನಮ್ಮ ಮನೆಯಲ್ಲಿ ಒಂದೇ ವಿಷಯಕ್ಕೆ ಮೂರು ಅಭಿಪ್ರಾಯ ಬರುವುದು ಹೊಸತಲ್ಲ. ಆದರೆ ಸದ್ದಿನ ವಿಷಯದಲ್ಲಿ ನನ್ನ ಮಾತಿಗೆ ಸ್ವಲ್ಪ ತೂಕ ಇರಬೇಕು ಅಂತ ನನಗಿತ್ತು. ಯಾಕೆಂದರೆ ನಾಲ್ಕು ವರ್ಷದಿಂದ ನಾನು ಮಾಡುತ್ತಿರುವ ಕೆಲಸವೇ ಸದ್ದು ಕೇಳುವುದು. ಕೊಡಗಿನಲ್ಲಿ ಕೊಡವ ತಕ್ಕ್ ಮತ್ತು ಅರೆಭಾಷೆ ಅಕ್ಕಪಕ್ಕ ಇರುವ ಊರುಗಳಲ್ಲಿ ಹಿರಿಯರ ಮಾತನ್ನು ರೆಕಾರ್ಡ್ ಮಾಡಿ, ಕಂಪ್ಯೂಟರಿನಲ್ಲಿ ಸ್ವರಗಳನ್ನು ಅಳೆಯುವುದು ನನ್ನ ಪಿಎಚ್.ಡಿ. ಕನ್ನಡದಲ್ಲಿಲ್ಲದ ಎರಡು ಸ್ವರಗಳು ಕೊಡವ ತಕ್ಕ್‌ನಲ್ಲಿವೆ. ನಾಲಿಗೆ ಹಿಂದೆಯೂ ಹೋಗದೆ ಮುಂದೆಯೂ ಬಾರದೆ ನಡುವೆ ನಿಂತು ಹುಟ್ಟುವ ಸ್ವರಗಳು ಅವು. ಎಂ.ಬಿ. ಎಮಿನೊ ಎಂಬ ಅಮೆರಿಕದ ವಿದ್ವಾಂಸರು 1930ರ ದಶಕದಲ್ಲಿ ಇಲ್ಲಿಗೆ ಬಂದು, ರೆಕಾರ್ಡರಿನ ಅನುಕೂಲವಿಲ್ಲದ ಕಾಲದಲ್ಲಿ, ಬರೀ ಕಿವಿ ಮತ್ತು ಪೆನ್ಸಿಲ್ ನಂಬಿ ಈ ಭಾಷೆಯನ್ನು ಬರೆದುಕೊಂಡವರು. ಅವರ ಬರಹ ಓದಿದ ಮೇಲೆ ನನ್ನ ಕಿವಿಯ ಮೇಲೂ ನನಗೆ ಒಂದಿಷ್ಟು ಅಹಂಕಾರ ಬೆಳೆದಿತ್ತು ಅಂತ ಈಗ ಒಪ್ಪಿಕೊಳ್ಳಬಹುದು.

ಗಾಡಿಯ ಬಗ್ಗೆ ಹೇಳಬೇಕು. ಕಂಪನಿಯವರು ಅದನ್ನು ಎಸ್‌ಯುವಿ ಅನ್ನುತ್ತಾರೆ, ನಮ್ಮ ಊರಿನಲ್ಲಿ ಚೌಕಾಕಾರದ ಎತ್ತರದ ಗಾಡಿಯೆಲ್ಲವೂ ಜೀಪೇ. ಅಪ್ಪ ಮೂವತ್ತು ವರ್ಷ ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದವರು. ಆಳುಗಳ ಹಾಜರಿ, ಕೊಯ್ದ ಹಣ್ಣಿನ ಲೆಕ್ಕ, ಶನಿವಾರದ ಬಟವಾಡೆ ಅವರ ಕೆಲಸ. 2014ರಲ್ಲಿ ನಿವೃತ್ತಿಯ ದುಡ್ಡಿನಲ್ಲಿ ಇದನ್ನು ಸೆಕೆಂಡ್ ಹ್ಯಾಂಡ್ ತೆಗೆದುಕೊಂಡರು. ಚೇರಂಬಾಣೆಯ ಮುಖ್ಯರಸ್ತೆಯಿಂದ ನಮ್ಮ ಮನೆಗೆ ಎರಡೂವರೆ ಕಿಲೋಮೀಟರು ಕಲ್ಲುರಸ್ತೆ. ಅದರಲ್ಲಿ ಸಣ್ಣ ಕಾರು ಓಡಿಸಿದರೆ ಹೊಟ್ಟೆ ಉಜ್ಜುತ್ತದೆ. ಜೀಪಿನಲ್ಲಿ ಗೊಬ್ಬರ ಬಂದಿದೆ, ಕಾಫಿ ಮೂಟೆ ಹೋಗಿದೆ, ಮದುವೆಗೆ ಒಂಬತ್ತು ಜನ ಹೋಗಿದ್ದೇವೆ, ಒಂದು ಸಲ ಕರುವೂ ಹೋಗಿದೆ. ಅವ್ವನ ಬೆನ್ನಿನ ಆಪರೇಷನ್ ಆದಾಗ ಮೈಸೂರಿನಿಂದ ಮಲಗಿಸಿಕೊಂಡು ಬಂದದ್ದೂ ಇದರಲ್ಲೇ. ಮಡಿಕೇರಿಯಲ್ಲಿ ಈಗ ಮೆಡಿಕಲ್ ಕಾಲೇಜು ಇದ್ದರೂ ದೊಡ್ಡ ಕಾಯಿಲೆ ಅಂದರೆ ಕೊಡಗಿನವರ ಬಾಯಲ್ಲಿ ಇಂದಿಗೂ ಬರುವುದು ಮೈಸೂರು, ಇಲ್ಲದಿದ್ದರೆ ಮಂಗಳೂರು. ಒಂದು ಕಡೆ ನೂರ ಚಿಲ್ಲರೆ ಕಿಲೋಮೀಟರು, ಇನ್ನೊಂದು ಕಡೆ ಸಂಪಾಜೆ ಘಾಟಿ. ಹಾಗಾಗಿ ನಮ್ಮಲ್ಲಿ ಗಾಡಿ ಅಂದರೆ ಅರ್ಧ ಆಂಬುಲೆನ್ಸ್.

2018ರ ಆಗಸ್ಟಿನ ಮಳೆಯಲ್ಲಿ ಮಕ್ಕಂದೂರು, ಕಾಲೂರು, ಜೋಡುಪಾಲದ ಕಡೆ ಬೆಟ್ಟಗಳು ಜಾರಿದಾಗ ಅಪ್ಪ ಇದೇ ಜೀಪಿನಲ್ಲಿ ಹೋಗಿ ಮಕ್ಕಂದೂರಿನ ಹತ್ತಿರದ ಅತ್ತೆಯ ಮನೆಯವರನ್ನು ಮಡಿಕೇರಿಗೆ ಕರೆದುಕೊಂಡು ಬಂದರು. ಆ ದಿನದ ಬಗ್ಗೆ ಅಪ್ಪ ಹೇಳುವುದು ಒಂದೇ ಮಾತು: "ನೋಡೋದಕ್ಕೆ ಮೊದಲು ಕೇಳಿಸ್ತು. ನೆಲದ ಒಳಗಿಂದ ಗುಡುಗುಡು ಅಂತ." ಅಂದಿನಿಂದ ಗುಡುಗುಡು ಅನ್ನುವ ಯಾವ ಸದ್ದಿಗೂ ಅಪ್ಪ ತಲೆ ಎತ್ತುತ್ತಾರೆ. ದೂರದ ಲಾರಿಯಾದರೂ ಸರಿ, ಕೋಣೆಯಲ್ಲಿ ಯಾರಾದರೂ ಕಡಾಯಿ ಎಳೆದರೂ ಸರಿ.

ಮೈಸೂರಿನ ಕೆಲಸ ಮುಗಿಸಿ ಬಂದ ಮೇಲೆ ಗಾಡಿಯನ್ನು ಒಂದು ದೊಡ್ಡ ವರ್ಕ್‌ಶಾಪಿಗೆ ಕೊಟ್ಟೆವು. ಯಾವುದು ಅಂತ ಬೇಡ. ಗಾಜಿನ ಕೋಣೆ, ಕಾಫಿ ಯಂತ್ರ, ಟೈ ಕಟ್ಟಿದ ಹುಡುಗ. ಗಾಡಿಯನ್ನು ಲಿಫ್ಟಿನ ಮೇಲೆ ಎತ್ತಿ, ನೇತಾಡುವ ಚಕ್ರಗಳನ್ನು ಅಲುಗಿಸಿ ನೋಡಿದರು. "ಮುಂದಿನ ಎರಡೂ ಶಾಕ್ ಅಬ್ಸಾರ್ಬರ್ ಹೋಗಿವೆ ಸರ್" ಅಂದರು. ಹಾಕಿಸಿದೆವು. ನನ್ನ ಫೆಲೋಶಿಪ್ಪಿನ ಮೂರು ತಿಂಗಳ ಬಾಕಿ ಬಂದ ವಾರವೇ ಅದರ ಅರ್ಧ ಹಾಗೆ ಹೋಯಿತು. ಮನೆಯ ತಿರುವಿನ ಮೊದಲನೇ ಕಲ್ಲಿಗೆ ಕಟಕ್ ಅಂದಿತು. ಹಿಂದೆ ಗುಡುಕ್ ಕೂಡ ಇದ್ದೇ ಇತ್ತು ಅಂತ ಅಪ್ಪ. ಆ ಹುಡುಗನ ತಪ್ಪಲ್ಲ ಅಂತ ಈಗ ಅನ್ನಿಸುತ್ತದೆ. ಹತ್ತು ವರ್ಷ ನಮ್ಮ ರಸ್ತೆಯಲ್ಲಿ ಓಡಿದ ಗಾಡಿಯಲ್ಲಿ ಯಾವುದನ್ನು ಬದಲಾಯಿಸಿದರೂ ಅದು ಸವೆದೇ ಇರುತ್ತದೆ. ಸವೆದದ್ದೆಲ್ಲ ಸದ್ದು ಮಾಡುವುದಿಲ್ಲ, ಅಷ್ಟೆ.

ಆಮೇಲೆ ನಾನೇ ಕೈಹಾಕಿದೆ. ಪ್ರಬಂಧದ ಮೂರನೇ ಅಧ್ಯಾಯ ಬರೆಯುವುದು ಬಾಕಿ ಇತ್ತು, ಹಾಗಾಗಿ ಬೇರೆ ಯಾವ ಕೆಲಸವೂ ಆಗ ಆಕರ್ಷಕವಾಗಿಯೇ ಕಾಣುತ್ತಿತ್ತು.

ಮೊದಲು ಪದಗಳನ್ನು ಬರೆದುಕೊಂಡೆ. ಕಟಕ್, ಕಿರ್, ಗುಡುಕ್, ದಡ್, ಗುಂಯ್. ಕನ್ನಡ ವ್ಯಾಕರಣದಲ್ಲಿ ಇವಕ್ಕೆ ಅನುಕರಣಾವ್ಯಯ ಅನ್ನುತ್ತೇವೆ, ಪರೀಕ್ಷೆಗೆ ಎರಡು ಅಂಕದ ಪ್ರಶ್ನೆ. ಇಂಥ ಪದಗಳು ದ್ರಾವಿಡ, ಆರ್ಯ ಅನ್ನದೆ ಭಾರತದ ಭಾಷೆಗಳೆಲ್ಲದರ ಸಮಾನ ಗುಣ ಅಂತ ತೋರಿಸುವ ಒಂದು ಲೇಖನವನ್ನು ಎಮಿನೊ 1969ರಲ್ಲಿ ಬರೆದರು. ಅವರು ನಿಘಂಟಿನ ಕಣ್ಣಿನಿಂದ ನೋಡಿದ್ದು. ಗಾಡಿಯ ಅಡಿಗೆ ಬಗ್ಗಿದರೆ ಈ ಪದಗಳು ಬೇರೆಯೇ ಆಗಿ ಕಾಣುತ್ತವೆ. ಗುಂಯ್ ಅಂದರೆ ಚಕ್ರದ ಬೇರಿಂಗ್: ಅದು ವೇಗ ಹೆಚ್ಚಿದಂತೆ ಏರುತ್ತದೆ, ತಿರುವಿನಲ್ಲಿ ಭಾರ ಒಂದು ಕಡೆ ಬಿದ್ದಾಗ ಬದಲಾಗುತ್ತದೆ. ಕಟಕ್ ಅಂದರೆ ಲೋಹಕ್ಕೆ ಲೋಹ, ನಡುವೆ ಇರಬೇಕಾದ ರಬ್ಬರು ಇಲ್ಲ. ಕಿರ್ ಅಂದರೆ ರಬ್ಬರು ಇದೆ ಆದರೆ ಒಣಗಿದೆ, ಅಥವಾ ಗ್ರೀಸು ಹೋಗಿ ತುಕ್ಕು ಬಂದಿದೆ. ಗುಡುಕ್ ಅಂದರೆ ದೊಡ್ಡದೇನೋ ತನ್ನ ಜಾಗ ಬಿಟ್ಟು ಅಲ್ಲಾಡುತ್ತಿದೆ. ಹಿಂಬದಿಯ ಪ್ಲೇಟು, ಅದರ ಬುಶ್ಶು, ಹೀಗೆ ಏನಾದರೂ. ಅಂದರೆ ಈ ಪದಗಳು ಸದ್ದನ್ನು ಬರೀ ಅನುಕರಿಸುತ್ತಿಲ್ಲ. ಯಾವುದು ಯಾವುದಕ್ಕೆ ತಾಗುತ್ತಿದೆ ಅನ್ನುವುದನ್ನೂ ಹೇಳುತ್ತಿವೆ.

ಎರಡನೆಯದು, ಲೆಕ್ಕ. ಫೋನನ್ನು ಕಾಲಿನ ಹತ್ತಿರ ಕಟ್ಟಿ ರೆಕಾರ್ಡ್ ಮಾಡಿದೆ. ಸ್ವರ ಅಳೆಯುವ ಪ್ರಾಟ್ ಎಂಬ ತಂತ್ರಾಂಶಕ್ಕೆ ಅದನ್ನೇ ಹಾಕಿದೆ. ನಮ್ಮ ಟೈರು ಒಂದು ಸುತ್ತು ತಿರುಗಿದರೆ ಗಾಡಿ ಸುಮಾರು 2.2 ಮೀಟರ್ ಹೋಗುತ್ತದೆ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಎರಡೂವರೆ ಸುತ್ತು. ಸದ್ದು ಸೆಕೆಂಡಿಗೆ ಎರಡೂವರೆ ಸಲ ಬರುತ್ತಿದ್ದರೆ ಅದು ತಿರುಗುವ ಯಾವುದೋ ಭಾಗದ್ದು, ಚಕ್ರವೋ ಬ್ರೇಕೋ ಬೇರಿಂಗೋ. ನಮ್ಮ ಕಟಕ್ ಹಾಗೆ ಇರಲಿಲ್ಲ. ನುಣುಪು ರಸ್ತೆಯಲ್ಲಿ ಬರುತ್ತಲೇ ಇರಲಿಲ್ಲ, ಗುಂಡಿ ಸಿಕ್ಕಾಗ ಬರುತ್ತಿತ್ತು. ಇದನ್ನು ಅಪ್ಪನಿಗೆ ಕಂಪ್ಯೂಟರಿನಲ್ಲಿ ತೋರಿಸಿದೆ. "ಗುಂಡಿ ಸಿಕ್ಕಾಗ ಸದ್ದು ಬರ್ತದೆ ಅಂತ ಹೇಳೋದಕ್ಕೆ ಇಷ್ಟೆಲ್ಲ ಬೇಕಾ?" ಅಂದರು. ನನ್ನ ಗೈಡ್ ಕೂಡ ಒಮ್ಮೊಮ್ಮೆ ಹೀಗೆಯೇ ಕೇಳುತ್ತಾರೆ.

ಮೂರನೆಯದು ಹಂಪಿನ ಪರೀಕ್ಷೆ. ಇದು ನನಗೆ ತುಂಬ ಹಿಡಿಸಿತು. ಮುಂದಿನ ಎರಡು ಚಕ್ರಗಳ ನಡುವೆ ಒಂದು ಬಾಗಿದ ಕಬ್ಬಿಣದ ಸಲಾಕೆ ಇರುತ್ತದೆ, ಸ್ಟೆಬಿಲೈಸರ್ ಬಾರ್. ತಿರುವಿನಲ್ಲಿ ಗಾಡಿ ವಾಲದ ಹಾಗೆ ಹಿಡಿಯುವುದು ಅದರ ಕೆಲಸ. ಎರಡೂ ಚಕ್ರ ಒಟ್ಟಿಗೆ ಹಂಪು ಹತ್ತಿದರೆ ಸಲಾಕೆ ಒಟ್ಟಾಗಿ ಮೇಲೆದ್ದು ಇಳಿಯುತ್ತದೆ, ತಿರುಚಿಕೊಳ್ಳುವುದಿಲ್ಲ. ಒಂದೇ ಚಕ್ರ ಹತ್ತಿದಾಗ ಮಾತ್ರ ತಿರುಚಿ, ತುದಿಯ ಲಿಂಕಿನ ಮೇಲೆ ಬಲ ಬೀಳುತ್ತದೆ. ಶಾಲೆಯ ಮುಂದಿನ ಹಂಪನ್ನು ನೇರ ದಾಟಿದೆವು, ಕಟಕ್ ಇಲ್ಲ. ತಿರುಗಿ ಬಂದು ಎಡಚಕ್ರವನ್ನು ಮಾತ್ರ ಹತ್ತಿಸಿದೆವು, ಕಟಕ್. ಹೀಗೆ ಆರು ಸಲ. ಏಳನೇ ಸಲಕ್ಕೆ ಶಾಲೆಯ ಅಡುಗೆಯ ಅಕ್ಕ ಹೊರಗೆ ಬಂದು, "ಎಂಥ ರೈಟ್ರೇ, ಮಗಳಿಗೆ ಡ್ರೈವಿಂಗಾ?" ಅಂದರು.

ಕಟಕ್ ಸಿಕ್ಕಿತು. ಆದರೆ ಅಷ್ಟರಲ್ಲಿ ನನಗೆ ಇನ್ನೊಂದು ಸದ್ದು ಕೇಳಿಸತೊಡಗಿತ್ತು. ಸ್ಟಿಯರಿಂಗ್ ಪೂರ್ತಿ ತಿರುಗಿಸುವಾಗ, ಬ್ರೇಕ್ ಹಿಡಿದು ಬಿಡುವಾಗ, ತೆಳ್ಳಗೆ ಕಿರ್ ಅಂತ. ಹಳೆಯ ಮನೆಯ ಬಾಗಿಲಿನ ಹಾಗೆ. ಮಾರ್ಚಿನಲ್ಲಿ ಹೂಮಳೆ ಬಂತು. ಕಾಫಿ ಗಿಡಕ್ಕೆ ಬೇಕಾಗುವ ಆ ಒಂದಿಂಚು ಮಳೆಗೆ ಕೊಡಗೆಲ್ಲ ಕಾಯುತ್ತಿರುತ್ತದಲ್ಲ, ಆ ಮಳೆ. ಮಾರನೇ ದಿನ ಕಿರ್ ಇಲ್ಲ. ಅಪ್ಪ, "ನೋಡು, ತಾನಾಗಿಯೇ ಸರಿಯಾಯ್ತು" ಅಂದರು. ಮೂರು ದಿನ ಬಿಸಿಲು ಕಾದ ಮೇಲೆ ಮತ್ತೆ ಬಂತು. ನೀರು ಬಿದ್ದರೆ ನಿಲ್ಲುವ ಸದ್ದು ಅಂದರೆ ಒಣ ಉಜ್ಜಾಟ. ಸೋಪಿನ ನೀರನ್ನು ಬಾಟಲಿಯಲ್ಲಿ ತುಂಬಿ ಒಂದೊಂದೇ ಕೀಲಿಗೆ ಚಿಮುಕಿಸಿ, ಪ್ರತಿ ಸಲವೂ ಸ್ಟಿಯರಿಂಗ್ ತಿರುಗಿಸಿ ನೋಡುವುದು ಇದಕ್ಕೆ ಉಪಾಯ. ಎಣ್ಣೆ ಹಾಕಬಾರದು, ರಬ್ಬರನ್ನು ತಿನ್ನುತ್ತದೆ.

ಹಾಗೆ ಒಂದು ಸಂಜೆ ಅಂಗಳದಲ್ಲಿ ನಾನು ಸ್ಟಿಯರಿಂಗ್ ತಿರುಗಿಸುತ್ತಿದ್ದೆ, ಅಪ್ಪ ಚಕ್ರದ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಬಾಟಲಿ ಹಿಡಿದಿದ್ದರು. ಸದ್ದು ನಿಂತಾಗ ಹೇಳಬೇಕು ಅನ್ನುವುದು ಅವರ ಕೆಲಸ.

"ಈಗ ಇದೆಯಾ?"

"ಇಲ್ಲೆ."

ನೀರು ಹಾಕಿಯೇ ಇರಲಿಲ್ಲ. ಕಿಟಕಿಯಿಂದಲೇ ನನಗೆ ಕಿರ್ ಅನ್ನುವುದು ಸ್ಪಷ್ಟವಾಗಿ ಕೇಳುತ್ತಿತ್ತು. ಅಪ್ಪನ ಕಿವಿ ಅದರಿಂದ ಒಂದು ಅಡಿ ದೂರದಲ್ಲಿತ್ತು.

"ಈಗ?"

"ಇಲ್ಲೆ ಕೂಸೇ. ಇದ್ದರೆ ಹೇಳ್ತೇನೆ."

ನಾನು ಸ್ಟಿಯರಿಂಗ್ ಬಿಟ್ಟು ಕೂತೆ. ಕತ್ತಲಾಗುವ ಹೊತ್ತು, ತೋಟದಲ್ಲಿ ಜೀರುಂಡೆಗಳು ಕಿವಿ ತುಂಬ ಕೂಗುತ್ತಿದ್ದವು. ಮಳೆಗಾಲಕ್ಕೆ ಮೊದಲು ನಮ್ಮಲ್ಲಿ ಅದು ಎಷ್ಟು ಜೋರು ಅಂದರೆ ಫೋನಿನಲ್ಲಿ ಮಾತಾಡುವವರು ಎಲ್ಲಿದ್ದೀ ಅಂತ ಕೇಳುತ್ತಾರೆ. ಅಪ್ಪ ಎದ್ದು ಮೊಣಕಾಲು ಒತ್ತಿಕೊಳ್ಳುತ್ತ ತೋಟದ ಕಡೆ ನೋಡಿ, "ಈ ವರ್ಷವೂ ಜೀರುಂಡೆ ಇಲ್ಲ ನೋಡು. ಆ ಮಳೆ ಆದಮೇಲೆ ಎಲ್ಲ ಹೋದವು" ಅಂದರು.

ಈ ಮಾತನ್ನು ಅಪ್ಪ ಹಿಂದೆಯೂ ಹೇಳಿದ್ದರು. ಎರಡು ವರ್ಷದ ಹಿಂದೆ ನನ್ನ ಕ್ಷೇತ್ರಕಾರ್ಯದ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೂ ಇದ್ದೆ: "2018ರ ನಂತರ ಜೀರುಂಡೆ ಕಡಿಮೆಯಾಗಿವೆ, ಹಿರಿಯರ ಅಭಿಪ್ರಾಯ." ಹೊರಗೆ ಹೋಗಿ ಒಂದು ಸಲ ಕೇಳಿಸಿಕೊಂಡಿದ್ದರೆ ಸಾಕಿತ್ತು. ಅಪ್ಪ ಹೇಳಿದ್ದು ಅಷ್ಟು ಚೆನ್ನಾಗಿತ್ತು, ಬೆಟ್ಟ ಜಾರಿದ ಮೇಲೆ ಹುಳುಗಳೂ ಹೋದವು ಅನ್ನುವುದು. ಪರೀಕ್ಷಿಸಬೇಕು ಅಂತಲೇ ಅನ್ನಿಸಿರಲಿಲ್ಲ.

ವಯಸ್ಸಿನಿಂದ ಕಿವಿ ಮಂದವಾಗುವಾಗ ಮೊದಲು ಹೋಗುವುದು ಎತ್ತರದ ಸ್ಥಾಯಿ. ಜೀರುಂಡೆ, ಹಕ್ಕಿಯ ಚಿಲಿಪಿಲಿ, ಒಣಗಿದ ಕೀಲು. ತಗ್ಗಿನ ಗುಡುಗುಡು ಕೊನೆಯವರೆಗೂ ಉಳಿಯುತ್ತದೆ. ಮಾತಿನಲ್ಲಾದರೆ ಸ್ವರಗಳು ಉಳಿಯುತ್ತವೆ, ಸ, ಶ ಇಂಥವು ಮಸುಕಾಗುತ್ತವೆ. ಆದ್ದರಿಂದ ಅವರಿಗೆ ಮಾತು ಕೇಳುತ್ತದೆ, ಆದರೆ ಏನು ಅಂತ ತಿಳಿಯುವುದಿಲ್ಲ. ಇದನ್ನು ನಾನು ಎಂ.ಎ. ಎರಡನೇ ಸೆಮಿಸ್ಟರಿನಲ್ಲಿ ಓದಿದ್ದೆ. ಫೋನಿನಲ್ಲಿ ಅಪ್ಪ ಎರಡು ಮಾತಿಗೆ "ಅವ್ವನಿಗೆ ಕೊಡ್ತೇನೆ" ಅಂತ ದಾಟಿಸುವುದನ್ನು ನಾನು ಮುನಿಸು ಅಂದುಕೊಂಡಿದ್ದೆ. ನಾನು ಮದುವೆಯ ಮಾತು ಮುಂದೂಡುತ್ತಿರುವುದಕ್ಕೆ, ಓದು ಮುಗಿಯದೆ ಇರುವುದಕ್ಕೆ. ಅಪ್ಪನಿಗಿಂತ ಹಿರಿಯರಾದ ನಲವತ್ತು ಜನರ ಎದುರು ಮೈಕು ಹಿಡಿದು ಕೂತವಳು ನಾನು. ಅವರಲ್ಲಿ ಎಷ್ಟೋ ಜನ ಪ್ರಶ್ನೆ ಎರಡು ಸಲ ಕೇಳಿದಾಗ ನಾನೇ ನೋಟ್‌ಬುಕ್ಕಿನ ಅಂಚಿನಲ್ಲಿ "ಶ್ರವಣ ದೋಷ?" ಅಂತ ಗುರುತು ಹಾಕಿದ್ದೆ.

ಆ ಸಂಜೆ ಅಪ್ಪನಿಗೆ ಏನೂ ಹೇಳಲಿಲ್ಲ. ಬಾಟಲಿ ತೆಗೆದುಕೊಂಡು ನಾನೇ ಕೂತೆ, ಅಪ್ಪನನ್ನು ಸ್ಟಿಯರಿಂಗಿಗೆ ಕೂರಿಸಿದೆ. ಎಡಗಡೆ ಕೆಳಗಿನ ಬಾಲ್ ಜಾಯಿಂಟಿಗೆ ನೀರು ಬಿದ್ದಾಗ ಸದ್ದು ನಿಂತಿತು. ಟಾರ್ಚು ಹಾಕಿ ನೋಡಿದರೆ ಅದರ ರಬ್ಬರ್ ಟೊಪ್ಪಿಗೆ ಹರಿದಿತ್ತು.

ಮಾರನೇ ದಿನ ಮೂರ್ನಾಡಿನ ಕಾಕನ ಗ್ಯಾರೇಜಿಗೆ ಹೋದೆವು. ಮಾಂದಲ್‌ಪಟ್ಟಿಗೆ ಪ್ರವಾಸಿಗಳನ್ನು ಹೊತ್ತು ಹತ್ತುವ ಜೀಪುಗಳನ್ನು ನೋಡಿದವರಿಗೆ ಗೊತ್ತು, ಆ ದಾರಿಯಲ್ಲಿ ಸಸ್ಪೆನ್ಷನ್ ಅನ್ನುವುದು ಎಷ್ಟು ಕಾಲ ಬಾಳುತ್ತದೆ ಅಂತ. ಅಂಥ ಜೀಪುಗಳು ಬಂದು ನಿಲ್ಲುವುದು ಕಾಕನಂಥವರ ಹತ್ತಿರ. ತಗಡಿನ ಮಾಡು, ನೆಲದಲ್ಲಿ ಒಂದು ಗುಂಡಿ, ಗೋಡೆಯಲ್ಲಿ ಹಳೆಯ ಕ್ಯಾಲೆಂಡರು. ಲಿಫ್ಟು ಇಲ್ಲ.

ಅಪ್ಪ, "ಹಿಂದೆ ಗುಡುಕ್ ಅಂತದೆ" ಅಂದರು. ನಾನು, "ಮುಂದೆ ಕಟಕ್, ಆಮೇಲೆ ಕಿರ್" ಅಂದೆ. ಅವ್ವ ಬಂದಿರಲಿಲ್ಲ, ಆದರೂ ಅವರ ಸಾಕ್ಷಿಯನ್ನೂ ಹೇಳಿದೆ: ಎಡಗಡೆಯಿಂದ ಒದ್ದ ಹಾಗೆ. ಕಾಕ ಯಾರದನ್ನೂ ತಳ್ಳಿಹಾಕಲಿಲ್ಲ. "ಮೂರು ಜನ ಮೂರು ಹೇಳಿದ್ರೆ ಮೂರು ಇರ್ತದೆ" ಅಂದರು.

ಅವರು ಜಾಕನ್ನು ಚಾಸಿಗೆ ಕೊಡಲಿಲ್ಲ, ಚಕ್ರದ ಒಳಗಿನ ಕೆಳತೋಳಿಗೆ ಕೊಟ್ಟರು. ಲೋವರ್ ಆರ್ಮ್ ಅನ್ನುವುದು ಅದಕ್ಕೇ. ಯಾಕೆ ಅಂತ ಕೇಳಿದೆ. ನಮ್ಮ ಗಾಡಿಯ ಮುಂದಿನ ಸುರುಳಿ ಸ್ಪ್ರಿಂಗ್ ಕೂತಿರುವುದು ಆ ತೋಳಿನ ಮೇಲೆ. ಗಾಡಿಯನ್ನು ಚಾಸಿಯಿಂದ ಎತ್ತಿ ಚಕ್ರ ನೇತುಬಿಟ್ಟರೆ ಸ್ಪ್ರಿಂಗ್ ಆ ತೋಳನ್ನು ಕೆಳಕ್ಕೆ ಒತ್ತಿಕೊಂಡೇ ಇರುತ್ತದೆ, ಕೀಲು ಸವೆದಿದ್ದರೂ ಬಿಗಿಯಾಗಿಯೇ ಕಾಣಬಹುದು. ತೋಳಿನಡಿಗೆ ಜಾಕ್ ಕೊಟ್ಟರೆ ಕೀಲಿನ ಮೇಲಿನ ಒತ್ತಡ ಇಳಿಯುತ್ತದೆ, ಆಟ ಎಷ್ಟಿದೆ ಗೊತ್ತಾಗುತ್ತದೆ. ಗಾಜಿನ ಕೋಣೆಯವರ ಲಿಫ್ಟಿನಲ್ಲಿ ತಪ್ಪಿಸಿಕೊಂಡದ್ದು ಇದೇ. ಕಾಕ ಟೈರಿನಡಿಗೆ ಒಂದು ಉದ್ದನೆಯ ಹಾರೆ ಕೊಟ್ಟು ಮೆಲ್ಲಗೆ ಮೀಟಿದರು. ಚಕ್ರ ಎದ್ದು ಕೂತಿತು. ಬೆರಳಿನಷ್ಟು ಅಲ್ಲ, ಒಂದು ಅಕ್ಕಿಕಾಳಿನಷ್ಟು. ಆದರೆ ಅಲ್ಲಿ ಅಷ್ಟೂ ಇರಬಾರದು.

"ಬಾ ಮೋಳೆ, ಕೈ ಇಡು" ಅಂದರು. ಕೀಲಿನ ಮೇಲೆ ಬೆರಳಿಟ್ಟೆ. ಅವರು ಮೀಟಿದಾಗ ಒಳಗೆ ಮರಳು ಅರೆದ ಹಾಗೆ ತಾಗಿತು.

ಗುಂಡಿನಂಥ ಒಂದು ತಲೆ, ಅದನ್ನು ಹಿಡಿದ ಒಂದು ಬಟ್ಟಲು, ನಡುವೆ ಗ್ರೀಸು, ಮೇಲೆ ರಬ್ಬರಿನ ಟೊಪ್ಪಿಗೆ. ಟೊಪ್ಪಿಗೆ ಹರಿದರೆ ಮಳೆಗಾಲದ ಕೆಸರುನೀರು ಒಳಗೆ ಹೋಗುತ್ತದೆ, ಗ್ರೀಸು ಹೊರಗೆ ಬರುತ್ತದೆ. ಬೇಸಿಗೆಯಲ್ಲಿ ಕಿರ್ ಅನ್ನುತ್ತದೆ. ಮುಂದಿನ ಮಳೆಗೆ ಸುಮ್ಮನಾಗುತ್ತದೆ. ಸುಮ್ಮನಾದಾಗಲೇ ಸವೆತ ನಡೆದಿರುತ್ತದೆ. ಒಂದು ದಿನ ತಲೆ ಬಟ್ಟಲಿನಿಂದ ಕಳಚಿಕೊಂಡರೆ ಚಕ್ರ ಮಗುಚಿ ಗಾಡಿ ಆ ಮೂಲೆಗೆ ಕುಸಿದು ಕೂರುತ್ತದೆ. ಆಮೇಲೆ ಸ್ಟಿಯರಿಂಗ್ ತಿರುಗಿಸಿ ಪ್ರಯೋಜನವಿಲ್ಲ. ಕಾಕ ಅಪ್ಪನ ಕಡೆ ತಿರುಗಿ ಹೇಳಿದರು: "ರೈಟ್ರೇ, ಇದು ಇನ್ನೊಂದು ಮಳೆಗಾಲ ತಡೀತಿರ್ಲಿಲ್ಲ. ನಿಮ್ಗೆ ಇಷ್ಟು ದಿವಸ ಕೇಳಿಸ್ಲಿಲ್ವ?"

ಅಪ್ಪ ಏನೋ ಹೇಳಲು ಬಾಯಿ ತೆರೆದವರು ನನ್ನ ಮುಖ ನೋಡಿದರು. ನಾನು ಬೇರೆ ಕಡೆ ನೋಡಿದೆ. ಆಗಲೇ ಅವರಿಗೆ ಗೊತ್ತಾಯಿತು ಅಂತ ನನಗೆ ಅನ್ನಿಸುತ್ತದೆ.

ಹಿಂದಿನ ಗುಡುಕ್ ಅಪ್ಪ ಹೇಳಿದಲ್ಲೇ ಇತ್ತು. ಎಡಗಡೆಯ ಲೀಫ್ ಸ್ಪ್ರಿಂಗಿನ ಹಿಂತುದಿಯನ್ನು ಚಾಸಿಗೆ ಜೋಡಿಸುವ ಶಾಕಲ್‌ನ ಬುಶ್ ಪುಡಿಯಾಗಿತ್ತು, ಪ್ಲೇಟುಗಳನ್ನು ಆಕ್ಸಲ್‌ಗೆ ಹಿಡಿದ ಯು-ಬೋಲ್ಟೂ ಸಡಿಲ. ಪ್ರತಿ ಗುಂಡಿಗೂ ಅಷ್ಟು ದೊಡ್ಡ ಕಬ್ಬಿಣ ಎದ್ದು ಬಡಿಯುತ್ತಿತ್ತು, ಅದರ ನೇರಕ್ಕೆ ಅವ್ವ ಕೂರುವ ಜಾಗ. ನಾನು ಅದನ್ನು ಕೇಳಿದ್ದೆ, ಹಿಂದೆ ಇಟ್ಟಿದ್ದ ಜಾಕು ಉರುಳುತ್ತಿದೆ ಅಂತ ಮನಸ್ಸಿನಲ್ಲೇ ತೀರ್ಮಾನಿಸಿ ಬಿಟ್ಟುಬಿಟ್ಟಿದ್ದೆ. ಅಪ್ಪ ಜನವರಿಯಿಂದ ಹೇಳುತ್ತಲೇ ಇದ್ದರು. ಕೇಳದೆ ಇದ್ದವಳು ನಾನೂ ಹೌದು.

ಸಾಮಾನು ಕುಶಾಲನಗರದಿಂದ ತರಿಸಿದರು. ಎರಡು ದಿನದ ಕೆಲಸ. ಮುಂದಿನ ಎರಡೂ ಕಡೆ ಕೆಳಗಿನ ಬಾಲ್ ಜಾಯಿಂಟ್, ಸ್ಟೆಬಿಲೈಸರ್ ಲಿಂಕ್, ಹಿಂದೆ ಶಾಕಲ್ ಬುಶ್ಶುಗಳು, ಕೆಳತೋಳಿನ ಬುಶ್ಶುಗಳೂ. ಬಿಲ್ಲು ಆ ಎರಡು ಶಾಕ್ ಅಬ್ಸಾರ್ಬರಿನ ಬಿಲ್ಲಿಗಿಂತ ಕಡಿಮೆಯಾಯಿತು. ಗ್ಯಾರೇಜಿಗೆ ಬಂದ ಇಬ್ಬರು, ಹುಡುಗಿ ಇಲ್ಲಿ ಏನು ಮಾಡುತ್ತಾಳೆ ಅನ್ನುವ ಹಾಗೆ ನೋಡಿ ಹೋದರು. ಕಾಕ ನನ್ನ ಕೈಗೆ ಸ್ಪ್ಯಾನರು ಕೊಟ್ಟಿದ್ದರಿಂದ ಅದಕ್ಕೆ ತಲೆ ಕೆಡಿಸಿಕೊಳ್ಳಲು ಪುರುಸೊತ್ತಿರಲಿಲ್ಲ.

ಒಂದು ವಿಷಯ ಮಾತ್ರ ವಿವರವಾಗಿ ಹೇಳಬೇಕು. ಹೊಸ ಬುಶ್ಶುಗಳನ್ನು ಕೂರಿಸಿದ ಮೇಲೆ ಕಾಕ ಬೋಲ್ಟುಗಳನ್ನು ಕೈಯಲ್ಲಿ ತಿರುಗಿಸಿ ಹಾಗೇ ಬಿಟ್ಟರು. ಬಿಗಿ ಮಾಡಲಿಲ್ಲ. ಜಾಕ್ ಇಳಿಸಿ, ಗಾಡಿಯನ್ನು ನಾಲ್ಕು ಚಕ್ರದ ಮೇಲೆ ನಿಲ್ಲಿಸಿ, ನನ್ನನ್ನೂ ಅಪ್ಪನನ್ನೂ ಒಳಗೆ ಕೂರಿಸಿ, ತಾವು ಗುಂಡಿಗೆ ಇಳಿದರು. ಆಮೇಲೆ ಅಡಿಯಿಂದ ಒಂದೊಂದಾಗಿ ಬಿಗಿಮಾಡಿದರು. ರಬ್ಬರ್ ಬುಶ್ ಬೇರಿಂಗಿನ ಹಾಗೆ ಜಾರಿ ತಿರುಗುವುದಿಲ್ಲ. ಅದು ಒಳಗೂ ಹೊರಗೂ ಲೋಹಕ್ಕೆ ಅಂಟಿಕೊಂಡು ನಡುವೆ ತಾನೇ ತಿರುಚಿಕೊಳ್ಳುತ್ತದೆ. ಚಕ್ರ ನೇತಾಡುವಾಗ ಬಿಗಿಮಾಡಿದರೆ ಆ ಸ್ಥಿತಿಯೇ ಅದಕ್ಕೆ ನೆಮ್ಮದಿಯ ಸ್ಥಿತಿ ಆಗಿಬಿಡುತ್ತದೆ. ಗಾಡಿ ಇಳಿಸಿದ ಕ್ಷಣದಿಂದ ಹಗಲೂ ರಾತ್ರಿ, ಶೆಡ್ಡಿನಲ್ಲಿ ನಿಂತಾಗಲೂ, ತಿರುಚಿಕೊಂಡೇ ಇರುತ್ತದೆ. ಬೇಗ ಹರಿಯುತ್ತದೆ. ಮನೆಯಲ್ಲಿ ಎಷ್ಟು ಜನ ಕೂರುತ್ತಾರೋ ಅಷ್ಟು ಭಾರದಲ್ಲಿ ಬಿಗಿ ಮಾಡಬೇಕು ಅನ್ನುವುದು ಕಾಕನ ಪದ್ಧತಿ. "ಅಮ್ಮ ಇದ್ದಿದ್ರೆ ಇನ್ನೂ ಸರಿ ಇತ್ತು" ಅಂತ ಅಡಿಯಿಂದ ಅವರ ದನಿ ಬಂತು.

"ಎಂಥ ಹೇಳಿದ್ದು?" ಅಂತ ಅಪ್ಪ ನನ್ನನ್ನು ಕೇಳಿದರು. ನಾನು ಅವರ ಕಡೆ ಮುಖ ಮಾಡಿ, ನಿಧಾನವಾಗಿ ಹೇಳಿದೆ. ಕೇಳಿಸಿತು. ನಕ್ಕರು.

ಶೆಡ್ಡಿನಿಂದ ಮನೆಯವರೆಗೆ ಇಬ್ಬರೂ ಮಾತಾಡಲಿಲ್ಲ. ಗುಂಡಿಗಳು ಬಂದವು ಹೋದವು. ನಮ್ಮ ಕಲ್ಲುರಸ್ತೆಗೆ ತಿರುಗಿದ ಮೇಲೆ ಅಪ್ಪ, ರಸ್ತೆಯಿಂದ ಕಣ್ಣು ತೆಗೆಯದೆ, "ಜೀರುಂಡೆ ಇದ್ದಾವಾ?" ಅಂತ ಕೇಳಿದರು.

"ಇದ್ದಾವೆ ಅಪ್ಪ."

"ಜೋರಾ?"

"ಜೋರು."

ಮೇ ತಿಂಗಳಲ್ಲಿ ಅವ್ವನ ತಪಾಸಣೆಗೆ ಹೋದಾಗ ಅಪ್ಪನನ್ನು ಮಾನಸಗಂಗೋತ್ರಿಯ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಕರೆದುಕೊಂಡು ಹೋದೆ. 1960ರ ದಶಕದಿಂದ ಇರುವ, ದೇಶದ ಮೂಲೆಮೂಲೆಯಿಂದ ಜನ ಹುಡುಕಿಕೊಂಡು ಬರುವ ಸಂಸ್ಥೆ. ಅದರ ಗೇಟಿನ ಮುಂದೆ ನಾನು ನಾಲ್ಕು ವರ್ಷದಿಂದ ನಡೆದು ಲೈಬ್ರರಿಗೆ ಹೋಗುತ್ತಿದ್ದೇನೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು.

ಸದ್ದಿಲ್ಲದ ಕೋಣೆಯಲ್ಲಿ ಅಪ್ಪನನ್ನು ಕೂರಿಸಿ, ಕೇಳಿದಾಗಲೆಲ್ಲ ಬೆರಳು ಎತ್ತಲು ಹೇಳಿದರು. ಗಾಜಿನ ಆಚೆಯಿಂದ ನಾನು ನೋಡುತ್ತಿದ್ದೆ. ತೋಟದಲ್ಲಿ ಹಾಜರಿ ಹಾಕುವವರ ಶ್ರದ್ಧೆಯಲ್ಲಿ ಅಪ್ಪ ಬೆರಳು ಎತ್ತುತ್ತ ಹೋದರು. ಆಮೇಲೆ ಒಂದು ಹಂತದಲ್ಲಿ ಬೆರಳು ಮೇಲೆ ಬರುವುದು ನಿಂತಿತು. ಅವರು ಕಾಯುತ್ತ ಕೂತೇ ಇದ್ದರು, ಮುಖದಲ್ಲಿ ಏನೂ ಗೊಂದಲವಿರಲಿಲ್ಲ. ಪರೀಕ್ಷೆ ನಡುವೆ ನಿಂತಿದೆ ಅಂದುಕೊಂಡಿದ್ದರಂತೆ.

ಕೊಟ್ಟ ಕಾಗದದಲ್ಲಿ ಗೆರೆ 1000 ಹರ್ಟ್ಸ್‌ವರೆಗೆ ಹೆಚ್ಚುಕಡಿಮೆ ಮಟ್ಟಸವಾಗಿ ಬಂದು, 2000 ದಾಟಿದ ಮೇಲೆ ಕೆಳಗೆ ಇಳಿದಿತ್ತು. ಅಪ್ಪ ಕನ್ನಡಕ ಹಾಕಿ ನೋಡಿ, "ಮಡಿಕೇರಿಯಿಂದ ಸಂಪಾಜೆಗೆ ಇಳಿದ ಹಾಗಿದೆ" ಅಂದರು. ಆಡಿಯಾಲಜಿ ಓದುತ್ತಿದ್ದ ಹುಡುಗಿ ಕೇರಳದವಳು, ಅವಳಿಗೆ ಸಂಪಾಜೆ ಗೊತ್ತಿರಲಿಲ್ಲ, ಆದರೂ ನಕ್ಕಳು.

ಯಂತ್ರ ಹಾಕಿಕೊಳ್ಳಲು ಅಪ್ಪ ಸುಲಭಕ್ಕೆ ಒಪ್ಪಲಿಲ್ಲ. ಇನ್ನೂ ಎಷ್ಟು ಕೇಳಬೇಕು, ಕೇಳಿದ್ದು ಸಾಕು ಅಂದರು. ಅವ್ವ ಒಂದು ವಾರ ಪಿಸುಮಾತಿನಲ್ಲೇ ಮಾತಾಡಿದರು, ಊಟಕ್ಕೆ ಕರೆಯುವಾಗಲೂ. ಆಮೇಲೆ ಒಪ್ಪಿದರು.

ಜೂನ್ ಎರಡನೇ ವಾರ ಮಳೆ ಹಿಡಿಯಿತು. ಯಂತ್ರ ಹಾಕಿಕೊಂಡು ಅಪ್ಪ ಮೊದಲ ಸಲ ಗಾಡಿ ಓಡಿಸಿದ್ದು ಅಂದು. ಬೆಟ್ಟಗೇರಿಯ ತಿರುವುಗಳಲ್ಲಿ ಮಂಜು ತುಂಬಿತ್ತು. ಮುಂದೆ ಕಟಕ್ ಇಲ್ಲ, ಹಿಂದೆ ಗುಡುಕ್ ಇಲ್ಲ. ಬಾಲ್ ಜಾಯಿಂಟು ಹೊಸದು, ಮಳೆಯಿದ್ದರೂ ಇಲ್ಲದಿದ್ದರೂ ಅದು ಸುಮ್ಮನಿರುತ್ತದೆ ಅಂತ ನಾನು ನೆಮ್ಮದಿಯಲ್ಲಿ ಕೂತಿದ್ದೆ. ಅಪ್ಪ ಇದ್ದಕ್ಕಿದ್ದಂತೆ ಗಾಡಿ ಬದಿಗೆ ನಿಲ್ಲಿಸಿದರು.

"ಏನಪ್ಪಾ?"

"ಕೇಳು."

ನಾನು ಕೇಳಿದೆ. ಎಂಜಿನ್ನು, ಮಳೆ, ಮಾಡಿನ ಮೇಲೆ ಮರದಿಂದ ಬೀಳುವ ದೊಡ್ಡ ಹನಿ. ಬೇರೇನೂ ಇಲ್ಲ.

"ಎಂಥದೂ ಇಲ್ಲಪ್ಪ."

"ಇದೆ. ಕೀಂಯ್ ಕೀಂಯ್ ಅಂತ. ಇದು ಯಾವಾಗಿಂದ?" ಅಪ್ಪ ವೈಪರಿನ ಕಡೆ ಕೈ ತೋರಿಸಿದರು.

ಹಿಂದಿನ ಸೀಟಿನಿಂದ ಅವ್ವ ಹೇಳಿದರು: "ಐದು ವರ್ಷ ಆಯ್ತು."